ಕೈತಾರಾನ ಸೈಕಲ್ ದುಃಖ

ಕೈತಾರಾನ ಕಸುಬು ಕಳ್ಳು ಇಳಿಸುವುದು. ಬೆಳಿಗ್ಗೆಯೂ ಸಂಜೆಯೂ ತೆಂಗಿನ ಮರ ಹತ್ತಿ, ತುದಿಯಲ್ಲಿ ಕೂತು, ಗಂಟಲು ಹರಿಯುವ ಹಾಗೆ ಹಾಡಿಕೊಂಡು ಹೊಂಬಾಳೆ ಕೊಯ್ದು, ಸಿಹಿ ಕಳ್ಳಿನ ಬಾಟಲಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುತ್ತಾನೆ. ಆದರೆ ಹೊರಗಿನ ಲೋಕಕ್ಕೆ ಅವನು ಗೊತ್ತಿರುವುದು ಮರ ಹತ್ತುವುದರಿಂದಲ್ಲ, ನೀರಿನಲ್ಲಿ ನಿಲ್ಲುವುದರಿಂದ. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಏರುತ್ತಿದೆ ಎಂದು ಯಾವ ದೇಶದ ಯಾವ ಪತ್ರಿಕೆ ಬರೆದರೂ ಪಕ್ಕದಲ್ಲೊಂದು ಚಿತ್ರ ಇರುತ್ತದಲ್ಲ, ಮೊಣಕಾಲುದ್ದ ನೀರಿನಲ್ಲಿ ಲುಂಗಿ ಎತ್ತಿ ಕಟ್ಟಿ, ದೂರ ದಿಟ್ಟಿಸುತ್ತ, ಎಲ್ಲ ಕಳೆದುಕೊಂಡವನಂತೆ ನಿಂತ ಗಟ್ಟಿಮುಟ್ಟಾದ ಆಸಾಮಿಯದು, ಅವನೇ ನಮ್ಮ ಕೈತಾರಾ.

ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಇದ್ದರೂ ಇರಬಹುದು. ಕಿರಿಬಾಸ್ ದೇಶದ ನಮ್ಮ ತೆನಿಕಾಬೋ ಊರಿನಲ್ಲಿ ಎಲ್ಲರ ಮನೆಗೂ ಉಬ್ಬರದ ನೀರು ನುಗ್ಗುತ್ತದೆ, ಎಲ್ಲರಿಗೂ ಎರಡೆರಡು ಕಾಲಿವೆ. ಆದರೂ ಕ್ಯಾಮೆರಾದವರು ದೋಣಿ ಇಳಿದ ಕೂಡಲೇ ಅವನ ಮನೆಯ ದಾರಿ ಕೇಳುತ್ತಾರೆ. ಊರಿಗೆ ಹೇಳಿಕೊಳ್ಳುವಂಥ ಬೇರೆ ಹೆಸರೂ ಇಲ್ಲ. ಕಾಲ್ಚೆಂಡಿನಲ್ಲಿ ಪಕ್ಕದ ಊರಿನವರ ಎದುರು ಸೋತೇ ಬಂದವರು ನಾವು. ಮುಳುಗುವುದೊಂದರಲ್ಲಿ ಮಾತ್ರ ನಮ್ಮನ್ನು ಜಗತ್ತೇ ಗುರುತಿಸಿದೆ. ಯಾವ ವರ್ಷ ಮುಳುಗುತ್ತೇವೆ ಎಂದು ರೇಡಿಯೋದಲ್ಲಿ ಒಬ್ಬೊಬ್ಬ ಪಂಡಿತರು ಒಂದೊಂದು ಲೆಕ್ಕ ಹೇಳುವಾಗ ಕೈತಾರಾನ ಸೋದರಮಾವ ತೆಬಾನೊ ಕಿವಿ ಕೊಟ್ಟು ಕೇಳುತ್ತಾನೆ. ಆ ವರ್ಷ ಮುಂದಕ್ಕೆ ಹೋದರೆ ಗೊಣಗುತ್ತಾನೆ, ಹಾಗಾದರೆ ಮನೆಯ ಛಾವಣಿಗೆ ಇನ್ನೊಮ್ಮೆ ಗರಿ ಹೊದೆಸಲೇಬೇಕಾಯಿತಲ್ಲ ಎಂದು.

ಸುಮ್ಮನೆ ಕೈಕಟ್ಟಿ ಕೂತಿದ್ದೇವೆಂದು ತಿಳಿಯಬೇಡಿ. ಬಂದ ಅತಿಥಿಗಳ ಜೊತೆಯಲ್ಲೆಲ್ಲ ಸೇರಿ ದಡದುದ್ದಕ್ಕೂ ಕಾಂಡ್ಲಾ ಗಿಡ ನೆಟ್ಟಿದ್ದೇವೆ. ಒಳ್ಳೆಯ ಗಿಡ, ಬೇರು ಬಿಟ್ಟರೆ ಅಲೆಯನ್ನೇ ತಡೆಯುತ್ತದೆ. ಆದರೆ ಹಂದಿಗಳನ್ನು ಕಟ್ಟಿಹಾಕಬೇಕೆಂದು ಸಭೆಯಲ್ಲಿ ಮೂರು ಸಲ ತೀರ್ಮಾನ ಮಾಡಿದ ನಾವು ಒಂದು ಸಲವೂ ಕಟ್ಟಿಹಾಕಲಿಲ್ಲ. ಗಿಡ ಹಂದಿಯ ಹೊಟ್ಟೆಗೆ ಹೋಯಿತು, ಹಂದಿ ಮುಂದಿನ ಅತಿಥಿಯ ಹೊಟ್ಟೆಗೆ ಹೋಯಿತು, ಉಂಡೆದ್ದ ಅತಿಥಿ ಮತ್ತೆ ಗಿಡ ನೆಟ್ಟ.

ಇನ್ನು ಗೋಡೆಯ ಕಥೆ ಹೇಳಬೇಕಾದರೆ ಬುಬುಸಿಯ ವಿಷಯ ಎತ್ತಲೇಬೇಕು. ನಮ್ಮಲ್ಲಿ ಸಂಬಂಧಿಕನೊಬ್ಬ ಬಂದು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನಿನ್ನ ಇಂಥ ವಸ್ತು ಬುಬುಸಿ ಎಂದು ಕೇಳಿದನೋ, ಮುಗಿಯಿತು. ಕೊಡಲೇಬೇಕು. ಇಲ್ಲವೆಂದವನು ಊರ ಚಾವಡಿಯಲ್ಲಿ ತಲೆ ಎತ್ತಿ ಕೂರುವ ಹಾಗಿಲ್ಲ. ಕೇಳುವವನಿಗೂ ಅದು ಸಲೀಸಲ್ಲ, ಕೇಳಿದ ಮೇಲೆ ಅವನೂ ಅಷ್ಟು ಚಿಕ್ಕವನಾಗುತ್ತಾನೆ. ಕೈತಾರಾ ಕೊಡುವುದರಲ್ಲಿ ಎತ್ತಿದ ಕೈ. ಕೇಳುವುದೆಂದರೆ ಮಾತ್ರ ಅವನಿಗೆ ಸಾವು. ತಾನು ಯಾರಿಗೂ ಏನನ್ನೂ ಬುಬುಸಿ ಮಾಡಿದವನಲ್ಲ ಎಂಬ ಜಂಬ ಅವನಿಗಿತ್ತು, ಆ ಜಂಬವನ್ನು ವಿನಯವೆಂದು ಕರೆದುಕೊಳ್ಳುತ್ತಿದ್ದ.

ಅವನು ಕಳೆದುಕೊಂಡದ್ದರಲ್ಲಿ ದೊಡ್ಡದು ಸೈಕಲ್. ಹರೆಯದಲ್ಲಿ ಸರಕು ಹಡಗಿನಲ್ಲಿ ದುಡಿದು ಬಂದವನು ಒಂದು ಕೆಂಪು ಸೈಕಲ್ ತಂದಿದ್ದ. ಬೆಲ್ಲೂ ಇತ್ತು, ಹಿಂದೆ ಕ್ಯಾರಿಯರೂ ಇತ್ತು. ಮಂಡಿ ನೋವಿನಿಂದ ನಡೆಯಲಾರದ ತನ್ನ ತಾಯಿ ತಾಬೆರಾಳನ್ನು ಅದರ ಮೇಲೆ ಕೂರಿಸಿಕೊಂಡು ಒಂದು ಭಾನುವಾರ ಇಗರ್ಜಿಗೆ ಕರೆದುಕೊಂಡು ಹೋದ. ಮುದುಕಿ ದಾರಿಯುದ್ದಕ್ಕೂ ಅವನ ಸೊಂಟ ಬಿಗಿಯಾಗಿ ಹಿಡಿದು, ಬಿದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಬಯ್ಯುತ್ತ, ಎದುರು ಸಿಕ್ಕವರಿಗೆಲ್ಲ ರಾಣಿಯ ಹಾಗೆ ಕೈ ಬೀಸಿದಳು. ಮುಂದಿನ ಭಾನುವಾರ ಬರುವುದರೊಳಗೆ ದೊಡ್ಡಪ್ಪನ ಮಗ ಬುರೇಸಿ ಬಂದು ಎದುರಿಗೆ ಕೂತ. ಸೈಕಲ್ ಹೋಯಿತು. ಕೈತಾರಾ ನಗುನಗುತ್ತ ಕೊಟ್ಟ, ಬುರೇಸಿ ಮೂಲೆ ತಿರುಗಿದ ಮೇಲೆ ಹಂದಿಗೂಡಿನ ಹಿಂದೆ ಹೋಗಿ ಅತ್ತ.

ಊರವರು ಚಾವಡಿಯನ್ನು ಉಳಿಸಿಕೊಳ್ಳಲು ಕಡಲ ಕಡೆಗೆ ಗೋಡೆ ಕಟ್ಟಿದಾಗ ಸಿಮೆಂಟಿನ ಉಸ್ತುವಾರಿಯನ್ನು ವಹಿಸಿದ್ದು ಇದೇ ಮಹಾನುಭಾವನಿಗೆ. ನಮ್ಮ ಬುದ್ಧಿಯನ್ನು ಏನೆಂದು ಹೊಗಳಲಿ. ಒಬ್ಬ ಹಂದಿಗೂಡಿಗೆ ಒಂದು ಚೀಲ ಕೇಳಿದ, ಇನ್ನೊಬ್ಬಳು ಅಡುಗೆಮನೆ ಮೆಟ್ಟಿಲಿಗೆ ಕೇಳಿದಳು, ನಾನೂ ಕೇಳಿದೆ ಅನ್ನಿ. ಎಲ್ಲರೂ ಸಂಬಂಧಿಕರೇ. ಗೋಡೆ ಚಾವಡಿಯನ್ನು ದಾಟಿ ಬಂದು, ಕೈತಾರಾನ ಹಿತ್ತಿಲಿಗೆ ಸ್ವಲ್ಪ ಮುಂಚೆ ಸಿಮೆಂಟು ಮುಗಿದು ನಿಂತುಬಿಟ್ಟಿತು. ಗೋಡೆಗೆ ಬಡಿದ ಅಲೆ ವಾಪಸು ಹೋಗಲಿಲ್ಲ, ಗೋಡೆ ಹಿಡಿದುಕೊಂಡೇ ಬಂದು ಕೊನೆಯಲ್ಲಿ ಅವನ ಹಿತ್ತಿಲಿಗೆ ತಿರುಗಿತು. ಹಿತ್ತಿಲಿನ ಕೇದಗೆ ಮರದ ಕೆಳಗೆ ಅವನ ತಾಯಿಯ ಗೋರಿ ಇತ್ತು.

ತಾಬೆರಾ ಸಾಯುವ ಮುಂಚೆ ಮಗನನ್ನು ಕರೆದು, ಎದ್ದು ಕೂರಲಾಗದಿದ್ದರೂ ಎದ್ದು ಕೂತು, ತನ್ನ ಕೊನೆಯ ಬುಬುಸಿ ಕೇಳಿದ್ದಳು.

"ಒಣಗಿದ್ ಜಾಗದಲ್ಲಿ ಇಡೋ ನನ್ನ. ಮಂಡಿಗೆ ತಣ್ಣೀರ್ ತಾಕಿದ್ರೆ ನಂಗಾಗಲ್ಲ, ನಿಂಗೊತ್ತಲ್ಲ."

ಆಗ ಕೇದಗೆಗೂ ಕಡಲಿಗೂ ನಡುವೆ ಮಕ್ಕಳು ಚೆಂಡಾಡುವಷ್ಟು ಬಯಲಿತ್ತು. ಅದಕ್ಕಿಂತ ಒಣಗಿದ ಜಾಗ ಊರಲ್ಲಿ ಇರಲಿಲ್ಲ. ಕೈತಾರಾ ಅಮ್ಮನನ್ನು ಅಲ್ಲಿಟ್ಟು, ಸುತ್ತ ಬಿಳಿ ಹವಳದ ಕಲ್ಲು ಜೋಡಿಸಿ, ತಾನು ಒಳ್ಳೆಯ ಮಗನೆಂದು ತಿಳಿದುಕೊಂಡ. ನಾವೂ ಹಾಗೇ ತಿಳಿದುಕೊಂಡೆವು.

ಗೋಡೆ ಮುಗಿದ ಮೇಲಿನ ದೊಡ್ಡ ಉಬ್ಬರಕ್ಕೆ ನೀರು ಗೋರಿಯ ಸುತ್ತ ಬಂದು ನಿಂತಿತು. ಮೊದಲ ಕ್ಯಾಮೆರಾ ಬಂದದ್ದೂ ಆಗಲೇ. ಗೋರಿಯ ಪಕ್ಕ ನೀರಿನಲ್ಲಿ ನಿಲ್ಲು ಎಂದರು, ನಿಂತ. ಆದರೆ ನಮ್ಮ ಜನಕ್ಕೊಂದು ಕೆಟ್ಟ ಚಾಳಿ ಇದೆ, ಮುಜುಗರವಾದರೆ ನಗುತ್ತೇವೆ, ಹೆದರಿದರೆ ನಗುತ್ತೇವೆ, ದುಃಖವಾದರಂತೂ ಹಲ್ಲು ಪೂರ್ತಿ ಕಾಣಿಸುತ್ತದೆ. ಕೈತಾರಾ ಅಮ್ಮನ ಪಕ್ಕ ನಿಂತು ಕಿಸಕಿಸ ನಕ್ಕ. ದಡದಲ್ಲಿದ್ದ ನಾವೂ ನಕ್ಕೆವು. ಕ್ಯಾಮೆರಾದವನು ಬೇಸರದಿಂದ, ನಿನಗೆ ತುಂಬ ದುಃಖ ಕೊಟ್ಟದ್ದು ಯಾವುದಾದರೂ ಇದ್ದರೆ ನೆನೆಸಿಕೊ ಎಂದ. ಅಮ್ಮನನ್ನು ನೆನೆಸಿಕೊಂಡರೆ ಇನ್ನೂ ನಗು ಬರುತ್ತಿತ್ತು. ಆಗ ಹೊಳೆದದ್ದು ಸೈಕಲ್. ಬುರೇಸಿ ಬೆಲ್ ಬಾರಿಸುತ್ತ ಮೂಲೆ ತಿರುಗಿದ ಆ ಹೊತ್ತು ಕಣ್ಣಿಗೆ ಕಟ್ಟಿತು. ತುಟಿ ಇಳಿಯಿತು, ಹುಬ್ಬು ಗಂಟಾಯಿತು, ಕಣ್ಣು ದೂರ ಹೋಯಿತು. ಆ ಮುಖ ನೋಡಿ ಯಾವ್ಯಾವುದೋ ದೇಶದಲ್ಲಿ ಜನ ಕಣ್ಣೀರು ಹಾಕಿದರಂತೆ, ಕಾರು ಓಡಿಸುವುದನ್ನು ಕಡಿಮೆ ಮಾಡುತ್ತೇವೆಂದು ಆಣೆ ಇಟ್ಟರಂತೆ. ಬುರೇಸಿಗೆ ಈ ಗುಟ್ಟು ತಿಳಿದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾನ್ ಆ ಸೈಕಲ್ ತಗೊಂಡಿಲ್ದಿದ್ರೆ ಈ ಲೋಕಕ್ಕೆ ಬುದ್ಧಿ ಹೇಳೋರೇ ಇರ್ತಿರ್ಲಿಲ್ಲ," ಎಂದು ಚಾವಡಿಯಲ್ಲಿ ಹೇಳಿಕೊಂಡು ತಿರುಗಿದ.

ಅಲ್ಲಿಂದ ಮುಂದೆ ಕೈತಾರಾನಿಗೆ ಕೆಲಸ ಹತ್ತಿಕೊಂಡಿತು. ಬೇಕೆಂದಾಗ ಮುಖ ಇಳಿಸುವುದನ್ನು ಕಲಿತ. ಪತ್ರಿಕೆಯವರಾದರೆ ಪಾದ ಮುಳುಗಿದರೆ ಸಾಕು, ಟಿವಿಯವರಿಗೆ ಮೊಣಕಾಲು ಮುಳುಗಬೇಕು ಎಂಬ ಮರ್ಮವನ್ನೂ ತಿಳಿದುಕೊಂಡ. ಇತ್ತ ಅಮ್ಮನನ್ನು ಬೇರೆ ಕಡೆಗೆ ಸಾಗಿಸಬೇಕೆಂದು ಅವನ ಮನಸ್ಸು ಕೊರೆಯುತ್ತಲೇ ಇತ್ತು. ಇಗರ್ಜಿಯ ಹಿಂದೆ ನಾವು ಗುಡ್ಡ ಎಂದು ಕರೆಯುವ ಜಾಗವಿದೆ, ಅಲ್ಲಿ ಕೂತವನ ತಲೆ ಇಲ್ಲಿ ನಿಂತವನ ಸೊಂಟಕ್ಕಿಂತ ತುಸು ಮೇಲೆ ಬರುತ್ತದೆ. ಅಲ್ಲಿಗೆ ಸಾಗಿಸೋಣವೆಂದು ಪಾದ್ರಿಯನ್ನೂ ಒಪ್ಪಿಸಿ ಹಾರೆ ಎತ್ತಿದಾಗಲೆಲ್ಲ ಯಾರಾದರೂ ದೋಣಿಯಲ್ಲಿ ಬಂದಿಳಿಯುತ್ತಿದ್ದರು. ನಮ್ಮದೊಂದು ಚಿತ್ರ ಆಗಲಿ, ಆಮೇಲೆ ಸಾಗಿಸು ಎಂದು ಬೇಡಿಕೊಳ್ಳುತ್ತಿದ್ದರು. ಅದು ಬುಬುಸಿಯೇ ಅಲ್ಲವೇ, ಅದೂ ಅತಿಥಿಯ ಬಾಯಿಂದ ಬಂದದ್ದು. ಇಲ್ಲವೆನ್ನುವುದು ಹೇಗೆ? ಹಾರೆ ಕೆಳಗಿಟ್ಟು ಲುಂಗಿ ಎತ್ತಿ ಕಟ್ಟುತ್ತಿದ್ದ.

ಅವನ ಹೆಂಡತಿ ತೆರೇಸಿಯಾ ಚಾಪೆ ಹೆಣೆಯುವವಳು, ಮಾತಿನಲ್ಲೂ ಎಳೆ ಬಿಗಿಯಾಗಿಯೇ ಎಳೆಯುತ್ತಾಳೆ. ಒಂದು ದಿನ ಜೀಗುಜ್ಜೆ ಸುಡುತ್ತ ತಲೆ ಎತ್ತದೆ ಹೇಳಿದಳು.

"ನಿಮ್ಮಮ್ಮನ ಮಂಡಿನೋವು ಊರೂರಿಗೆಲ್ಲ ಗೊತ್ತಾಯ್ತು. ಮಂಡಿ ಒರ್ಸೋರ್ ಮಾತ್ರ ಯಾರೂ ಬರ್ಲಿಲ್ಲ."

ಇದೊಂದು ಹುಣ್ಣಿಮೆ ಕಳೆಯಲಿ ಎಂದ ಅವನು. ಮಾರೆನ್ ಎಂಬ ಹೆಂಗಸು ದೂರದ ದೇಶದಿಂದ ಹೇಳಿಕಳಿಸಿದ್ದಳು, ವರ್ಷದ ದೊಡ್ಡ ಉಬ್ಬರಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಗೋರಿ ಅಲ್ಲೇ ಇರಲಿ, ದಯವಿಟ್ಟು ಎಂದು. ಅವಳು ಹಿಂದೊಮ್ಮೆ ಬಂದು ತೆರೇಸಿಯಾಳ ಕೈಯಡುಗೆ ಉಂಡು ಹೋದವಳು, ಒಳ್ಳೆಯವಳು. ಜೀಗುಜ್ಜೆ ಒಂದು ಕಡೆ ಸೀದುಹೋಯಿತು, ಅದನ್ನೇ ತೆರೇಸಿಯಾ ಗಂಡನಿಗೆ ಬಡಿಸಿದಳು.

ಆ ಹುಣ್ಣಿಮೆಯ ಬೆಳಿಗ್ಗೆ ಕೈತಾರಾ ಮರದ ಮೇಲಿದ್ದ. ಕೆಳಗೆ ನಾವು ಅವನ ಹಾಡು ಕೇಳುತ್ತ ನುಗ್ಗಿದ ನೀರನ್ನು ಮನೆಯಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದೆವು. ಹಾಡು ನಡುವಿನಲ್ಲಿ ಕಡಿದುಹೋಯಿತು. ಮೇಲಿಂದ ಅವನಿಗೆ ಎರಡೂ ಒಟ್ಟಿಗೆ ಕಂಡಿದ್ದವು: ದ್ವೀಪ ಬಳಸಿ ನಿಂತ ಒಳಗಡಲ ಕಡೆಯಿಂದ ಬರುತ್ತಿದ್ದ ಮಾರೆನ್‌ಳ ದೋಣಿ, ಹೊರಗಡಲ ಕಡೆಯಲ್ಲಿ ಅಲೆಗೆ ಕುಸಿದ ಗೋರಿಯ ಒಂದು ಬದಿ. ಕುಸಿದ ಮರಳಿನೊಳಗಿಂದ ಚಾಪೆಯ ಅಂಚು ಹೊರಗೆ ಬಂದಿತ್ತು. ತೆರೇಸಿಯಾ ಹೆಣೆದ ಚಾಪೆ ಅದು, ಅತ್ತೆಗೆಂದೇ ಹೆಣೆದದ್ದು.

ಅವನು ಇಳಿದು ಬರುವ ಹೊತ್ತಿಗೆ ಅತಿಥಿಗಳ ತಲೆಗೆ ನಾವು ಹೂವಿನ ದಂಡೆಯನ್ನೂ ಇಟ್ಟಾಗಿತ್ತು, ಕುತ್ತಿಗೆಗೆ ಪೌಡರನ್ನೂ ಬಳಿದಾಗಿತ್ತು. ಮನೆಯೊಳಗೆ ಕಡಲು ಬಂದರೂ ನಾವು ಅತಿಥಿ ಸತ್ಕಾರ ಬಿಡುವವರಲ್ಲ. ಮಾರೆನ್ ಗೋರಿಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು, ಅವಳ ಕಣ್ಣಲ್ಲಿ ನೀರಿತ್ತು. ಅವಳ ಜೊತೆಗಿದ್ದ ಗಡ್ಡದವನು ಅಷ್ಟರಲ್ಲಿ ಒಂದು ದೊಡ್ಡ ಕಪ್ಪು ಪೆಟ್ಟಿಗೆಯನ್ನು ಮರಳ ಮೇಲಿಟ್ಟು, ಕೊಂಡಿಗಳನ್ನು ಟಕಟಕ ಬಿಚ್ಚಿ, ಕ್ಯಾಮೆರಾ ತೆಗೆದ. ಮಾರೆನ್ ತಗ್ಗಿದ ದನಿಯಲ್ಲಿ ಕೇಳಿದಳು. ನಿನಗೆ ಕಷ್ಟವೆಂದು ಗೊತ್ತು, ಆದರೆ ಇದನ್ನು ಲೋಕ ನೋಡಬೇಕು, ಒಂದೇ ಒಂದು ಗಳಿಗೆ ಅಲ್ಲಿ ನಿಲ್ಲುತ್ತೀಯಾ ಎಂದಳು.

ಕೈತಾರಾ ಹೋಗಿ ನಿಂತ. ಯೋಚನೆ ಮಾಡಿ ನಿಂತದ್ದಲ್ಲ, ಅಭ್ಯಾಸದ ಮೇಲೆ ನಿಂತದ್ದು. ಲುಂಗಿ ತನ್ನಷ್ಟಕ್ಕೆ ಮೇಲೆ ಹೋಯಿತು. ಎಲ್ಲಿ ನಿಂತರೆ ಬೆಳಕು ಚೆನ್ನಾಗಿ ಬೀಳುತ್ತದೆಂದು ನೋಡಿ ಒಂದು ಹೆಜ್ಜೆ ಪಕ್ಕಕ್ಕೂ ಸರಿದ. ಸೈಕಲ್ಲನ್ನು ನೆನೆಸಿಕೊಂಡ. ತುಟಿ ಇಳಿಯಿತು, ಹುಬ್ಬು ಗಂಟಾಯಿತು.

ಆಗ ತೆರೇಸಿಯಾ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಅವನ ಹತ್ತಿರ ಬಂದಳು. ಬೈಯಲಿಲ್ಲ.

"ಬುಬುಸಿ ಮೊದಲು ಕೇಳಿದ್ದು ಯಾರು?" ಎಂದಳು.

ಕೈತಾರಾನಿಗೆ ಉತ್ತರ ಬಾಯಿಗೆ ಬರುವ ಮೊದಲು ಕಾಲಿಗೆ ಬಂತು. ನೀರು ಮಂಡಿಯವರೆಗಿತ್ತು, ತಣ್ಣಗಿತ್ತು. ಇಷ್ಟು ವರ್ಷ ಅದೇ ನೀರಿನಲ್ಲಿ ನಿಂತಿದ್ದ ಅವನಿಗೆ ಅದು ತಣ್ಣಗಿದೆ ಎಂದು ಅನಿಸಿದ್ದು ಆವತ್ತೇ. ಊರಿಗೆಲ್ಲ ಗೋಡೆ ಹಂಚಿದ್ದ, ಲೋಕಕ್ಕೆಲ್ಲ ಮುಖ ಹಂಚಿದ್ದ, ಅಮ್ಮ ಕೇಳಿದ್ದೊಂದನ್ನು ಕೊಡದೆ ಇಟ್ಟುಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಭ್ಯಾಸದಂತೆ ನಗು ಬಂತು, ಅದು ಅರ್ಧಕ್ಕೇ ನಿಂತಿತು.

"ಆಗಲ್ಲ," ಎಂದ ಮಾರೆನ್‌ಳ ಕಡೆ ತಿರುಗಿ.

ಅತಿಥಿಗೆ ಆಗಲ್ಲವೆಂಬ ಮಾತನ್ನು ತೆನಿಕಾಬೋ ಊರು ಅದಕ್ಕೆ ಮುಂಚೆ ಕೇಳಿದ್ದನ್ನು ನಾನರಿಯೆ. ತೆಬಾನೊ ಮಾವ ಮಗುಚಿಟ್ಟ ದೋಣಿಯ ಮೇಲೆ ಕೂತುಬಿಟ್ಟ. ಆದರೆ ಕೈತಾರಾ ಅಲ್ಲಿಗೇ ನಿಲ್ಲಿಸಲಿಲ್ಲ. ನೀರಿನಿಂದ ಮೇಲೆ ಬಂದು ಮಾರೆನ್‌ಳ ಎದುರಿಗೆ ಒದ್ದೆ ಮರಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಜೀವಮಾನದಲ್ಲಿ ಕೇಳದವನು ಕೇಳಲು ಕೂತಿದ್ದ. ಹಡಗಿನಲ್ಲಿ ಕಲಿತ ಇಂಗ್ಲಿಷು ಸಾಲದೆ ನಮ್ಮ ಮಾತಿನಲ್ಲೇ ಕೇಳಿ, ಕಪ್ಪು ಪೆಟ್ಟಿಗೆಯ ಕಡೆ ಬೆರಳು ತೋರಿಸಿದ.

"ಅದರೊಳಕ್ಕೆ ನೀರ್ ಹೋಗಲ್ಲ ಅಲ್ವಾ? ಆ ಪೆಟ್ಟಿಗೆ ಬುಬುಸಿ. ನಮ್ಮಮ್ಮಂಗೆ."

ಮಾರೆನ್‌ಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ಅವಳು ಗಡ್ಡದವನ ಮುಖ ನೋಡಿದಳು, ಅವನು ಕ್ಯಾಮೆರಾವನ್ನು ಎದೆಗವುಚಿಕೊಂಡು ಪೆಟ್ಟಿಗೆಯನ್ನು ನೋಡಿದ. ಅವನ ಪಾಲಿಗೆ ಅದೊಂದು ಮನೆ ಇದ್ದ ಹಾಗೆ, ಎಷ್ಟು ಸಮುದ್ರ ದಾಟಿತ್ತೋ. ದೋಣಿಯ ಮೇಲೆ ಕೂತಿದ್ದ ತೆಬಾನೊ ಮಾವ ಇಬ್ಬರಿಗೂ ಕನಿಕರದಿಂದ ತಲೆಯಾಡಿಸಿದ.

"ಕೊಡ್ಬೇಕಾಗುತ್ತೆ ತಾಯಿ. ನಾವೂ ಏನೇನೋ ಕೊಟ್ಟಿದೀವಿ."

ಕೊಟ್ಟರು. ನಮ್ಮ ದ್ವೀಪದಲ್ಲಿ ಅದಕ್ಕಿಂತ ಒಣಗಿದ ಜಾಗ ಇನ್ನೊಂದಿರಲಿಲ್ಲ, ಈಗಲೂ ಇಲ್ಲ.

ಉಬ್ಬರ ಇಳಿದ ಮೇಲೆ ಹೆಂಗಸರು ತಾಬೆರಾಳನ್ನು ಮೇಲೆತ್ತಿದರು. ಹಿಂದಿನವರು ಮಾಡುತ್ತಿದ್ದ ಹಾಗೆ ಎಲುಬುಗಳನ್ನು ಸಿಹಿನೀರಿನಲ್ಲಿ ತೊಳೆದು, ತೆಂಗಿನೆಣ್ಣೆ ಸವರಿದರು. ಮಂಡಿಯ ಎಲುಬುಗಳನ್ನು ತೆರೇಸಿಯಾ ಯಾರಿಗೂ ಬಿಡದೆ ತಾನೇ ಒರೆಸಿದಳು, ಎಷ್ಟು ಒರೆಸಿದರೂ ಅವಳಿಗೆ ಸಮಾಧಾನವಿಲ್ಲ. ಕ್ಯಾಮೆರಾ ಅಲುಗದಿರಲೆಂದು ಪೆಟ್ಟಿಗೆಯೊಳಗೆ ಹಾಕಿದ್ದ ಮೆತ್ತನೆಯ ಹಾಸಿನ ಮೇಲೆ ಹೊಸ ಚಾಪೆ ಹಾಸಿ ಮಲಗಿಸಿದರು. ಕೊಂಡಿ ಹಾಕಬೇಕಾದಾಗ ನಮಗ್ಯಾರಿಗೂ ಬರಲಿಲ್ಲ. ಗಡ್ಡದವನೇ ಮಂಡಿಯೂರಿ, ಒಂದೊಂದಾಗಿ ಹಾಕಿ, ಮುಚ್ಚಳವನ್ನು ಒಮ್ಮೆ ಅಂಗೈಯಿಂದ ತಟ್ಟಿ ನೋಡಿದ.

ಗುಡ್ಡದವರೆಗೆ ಹೊತ್ತುಕೊಂಡು ಹೋಗುವುದೇನೂ ಕಷ್ಟವಿರಲಿಲ್ಲ. ಆದರೆ ಕೇಳುವ ಬಾಯಿ ಒಮ್ಮೆ ಬಿಚ್ಚಿತ್ತಲ್ಲ, ಕೈತಾರಾ ನೇರ ಬುರೇಸಿಯ ಎದುರಿಗೆ ಹೋಗಿ ಕೂತ. ಸೈಕಲ್ ಎಂದ. ಇಷ್ಟು ವರ್ಷ ಯಾವ ದಿನ ಬೇಕಾದರೂ ಕೇಳಬಹುದಿತ್ತು, ಬುಬುಸಿಯ ಹಕ್ಕು ಅವನಿಗೂ ಇತ್ತು. ಕೇಳಿದರೆ ಚಿಕ್ಕವನಾಗುತ್ತೇನೆಂದು ಕೇಳದೆ, ನೀರಿನಲ್ಲಿ ನಿಂತು ಲೋಕದ ಮುಂದೆ ಅಳುವುದೇ ಸುಲಭವೆಂದುಕೊಂಡಿದ್ದ. ಬುರೇಸಿಗೆ ಎದೆಯ ಭಾರ ಇಳಿದಂತಾಯಿತು.

"ಇವತ್ತ್ ಕೇಳ್ತೀಯೋ ನಾಳೆ ಕೇಳ್ತೀಯೋ ಅಂತ ಹೆದರ್ಕೊಂಡೇ ತುಳಿದಿದೀನಿ ಕಣೋ ಇಷ್ಟ್ ವರ್ಷ. ತಗೊಂಡ್ ಹೋಗು ಮಾರಾಯ."

ಕೆಂಪು ಬಣ್ಣ ಎಲ್ಲೋ ಒಂದೆರಡು ಕಡೆ ಉಳಿದಿತ್ತು, ಬೆಲ್ ಬಿದ್ದುಹೋಗಿತ್ತು. ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ ಕೈತಾರಾ ಹ್ಯಾಂಡಲ್ ಹಿಡಿದು ತಳ್ಳಿದ. ಜಾರದ ಹಾಗೆ ಹಿಂದಿನಿಂದ ಹಿಡಿದುಕೊಂಡು ಬರಲು ಗಡ್ಡದವನನ್ನು ನಿಲ್ಲಿಸಿದೆವು. ಕ್ಯಾಮೆರಾವನ್ನು ತೆರೇಸಿಯಾ ಮೊದಲೇ ಇಸಿದುಕೊಂಡು, ಮಗುವಿಗೆ ಸುತ್ತುವಂತೆ ಚಾಪೆ ಸುತ್ತಿ ಮಾರೆನ್‌ಳ ಮಡಿಲಲ್ಲಿ ಇಟ್ಟಿದ್ದಳು. ಹೀಗಾಗಿ ಆ ಮೆರವಣಿಗೆಯ ಒಂದು ಚಿತ್ರವೂ ಎಲ್ಲೂ ಇಲ್ಲ. ಇಗರ್ಜಿಯ ಹತ್ತಿರ ತಗ್ಗು ದಾಟುವಾಗ ಸೈಕಲ್ ವಾಲಿತು. ಕೈತಾರಾ ಸೊಂಟಕ್ಕೆ ಕೈ ಹಾಕಿಕೊಂಡ, ಅಲ್ಲಿ ಯಾರೋ ಹಿಡಿದಂತಾಯಿತೆಂದು ಆಮೇಲೆ ಹೆಂಡತಿಗೆ ಹೇಳಿದನಂತೆ. ಮಾರೆನ್‌ಳ ಸುದ್ದಿ ಟಿವಿಯಲ್ಲಿ ಬಂದಾಗ ಅದರಲ್ಲಿ ಬರೀ ಸಮುದ್ರವಿತ್ತು, ಒಂದು ಕೇದಗೆ ಮರವಿತ್ತು. ನಮ್ಮಲ್ಲಿ ಕೆಲವರು, ಊರಿನ ಹೆಸರು ಹೋಯಿತಲ್ಲ ಎಂದು ಕೈತಾರಾನನ್ನು ಬೈದರು. ಬೈದವರಲ್ಲಿ ನಾನೂ ಇದ್ದೆ.

ಸೈಕಲ್ಲನ್ನು ಬುರೇಸಿ ಮಾರನೆಯ ವಾರವೇ ಮತ್ತೆ ಬುಬುಸಿ ಮಾಡಿ ತೆಗೆದುಕೊಂಡು ಹೋದ. ಗೋಡೆಯನ್ನು ಮುಂದುವರಿಸಿದೆವು. ಹಂದಿಗಳನ್ನು ಕಟ್ಟುವ ಬಗ್ಗೆ ಇನ್ನೊಮ್ಮೆ ತೀರ್ಮಾನ ಮಾಡಿದ್ದೇವೆ.

ಮುಂದಿನ ದೊಡ್ಡ ಉಬ್ಬರಕ್ಕೆ ಬೇರೊಂದು ತಂಡ ಬಂತು. ಅವರಿಗೆ ಗೋರಿ ಸಿಗಲಿಲ್ಲ, ಕೈತಾರಾ ಸಿಕ್ಕಿದ. ನೀರಿನಲ್ಲಿ ನಿಲ್ಲುತ್ತೀಯಾ ಎಂದರು. ಅಮ್ಮ ಒಣಗಿದ ಜಾಗದಲ್ಲಿದ್ದಾಳೆ, ತನ್ನ ಮಂಡಿ ನೆನೆದರೇನು ಎಂದು ಅವನೂ ಒಪ್ಪಿದ. ಲುಂಗಿ ಎತ್ತಿ ಕಟ್ಟಿದ, ಬೆಳಕು ನೋಡಿ ನಿಂತ, ಎಂದಿನಂತೆ ಸೈಕಲ್ಲನ್ನು ನೆನೆಸಿಕೊಂಡ. ಸೈಕಲ್ಲೇನೋ ಬಂತು. ಆದರೆ ಅದು ಬೆಲ್ ಬಾರಿಸಿಕೊಂಡು ಮೂಲೆ ತಿರುಗಿ ಹೋಗಲಿಲ್ಲ, ಅವನ ಕಡೆಗೇ ಬಂತು, ಹಿಂದೆ ಕ್ಯಾರಿಯರಿನ ಮೇಲೆ ಮುದುಕಿ ಕೂತಿದ್ದಳು, ಬಿದ್ದರೆ ಬಿಡುವುದಿಲ್ಲ ನಿನ್ನ ಎಂದು ಬೈಯುತ್ತಿದ್ದಳು, ಕೈ ಬೀಸುತ್ತಿದ್ದಳು.

ಕೈತಾರಾ ಅತ್ತುಬಿಟ್ಟ. ತುಟಿ ಇಳಿಸುವ ಅಳುವಲ್ಲ. ಮೂಗು ಸೋರಿ, ಭುಜ ಕುಲುಕಿ, ಉಸಿರು ಸಿಕ್ಕಿಹಾಕಿಕೊಳ್ಳುವ ಅಳು. ದಡದಲ್ಲಿದ್ದ ನಾವು ರೂಢಿಯಂತೆ ನಗಲು ಹೋಗಿ ಸುಮ್ಮನಾದೆವು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಕಸಿವಿಸಿಯಿಂದ ಆಚೆ ಈಚೆ ನೋಡಿ, ಇಷ್ಟೊಂದಾದರೆ ನೋಡುವವರು ತಡೆದುಕೊಳ್ಳಲಾರರು, ಸ್ವಲ್ಪ ಕಡಿಮೆ ಮಾಡಲಾಗುತ್ತದೆಯೇ ಎಂದು ಕೇಳಿದ.

ಕೈತಾರಾ ಲುಂಗಿಯ ತುದಿಯಿಂದ ಮುಖ ಒರೆಸಿಕೊಂಡ.

"ಕಮ್ಮೀದು ಮುಗಿದ್ಹೋಯ್ತಪ್ಪ," ಎಂದ. "ಇನ್ನ್ ನನ್ ಹತ್ರ ಇರೋದು ಇದೇ."

ನೀರಿನಿಂದ ಎದ್ದು ಬಂದು, ಮೆಟ್ಟಿಲ ಮೇಲೆ ಕೂತು, ಎರಡೂ ಮಂಡಿಗಳನ್ನು ಚೆನ್ನಾಗಿ ಒರೆಸಿಕೊಂಡ. ಆಮೇಲೆ ಬಾಟಲಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಸಂಜೆಯ ಕಳ್ಳಿಗೆ ಮರ ಹತ್ತಿದ.